ತೀರ್ಥನ್ ಹೊಳೆಯಲ್ಲಿ ಟ್ರೌಟ್‌ಗೆ ಗಾಳ: ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ವರ್ಷಕ್ಕೆ ಎರಡು ಬಾರಿ, ಏಪ್ರಿಲ್‌ನಲ್ಲೊಮ್ಮೆ ಅಕ್ಟೋಬರ್‌ನಲ್ಲೊಮ್ಮೆ, ನಾವು ಆರು ಜನ ಹೊಸಬರನ್ನು ಹಿಮಾಚಲ ಪ್ರದೇಶದ ಕುಲ್ಲು ಜಿಲ್ಲೆಯ ತೀರ್ಥನ್ ಕಣಿವೆಗೆ, ಟ್ರೌಟ್ ಎಂಬ ತಣ್ಣೀರಿನ ಮೀನಿಗೆ ಫ್ಲೈ ಫಿಶಿಂಗ್ ವಿಧಾನದಲ್ಲಿ ಗಾಳ ಹಾಕಲು ಕಲಿಯುವುದಕ್ಕೆ, ಕರೆದುಕೊಂಡು ಹೋಗುತ್ತೇವೆ. ಕಲಿಸುವವರು ಅಲ್ಲಿಯ ಗೈಡ್‌ಗಳು. ನಮ್ಮ ಕೆಲಸ ಅವರ ಹಿಂದಿಯನ್ನು ಕನ್ನಡಕ್ಕೆ ತಿರುಗಿಸುವುದು ಮತ್ತು ಮರಕ್ಕೆ ಸಿಕ್ಕಿಕೊಂಡ ದಾರವನ್ನು ಬಿಡಿಸುವುದು. ಹೊರಡುವ ಮುನ್ನ ಫೋನಿನಲ್ಲಿ ಬರುವ ಪ್ರಶ್ನೆಗಳು ಪ್ರತಿ ಸಲವೂ ಅವೇ. ಆದ್ದರಿಂದ ಇಲ್ಲಿ ಬರೆದಿಟ್ಟಿದ್ದೇವೆ.

ಗಾಳ ಹಾಕುವುದು ಚಿಕ್ಕಂದಿನಿಂದ ಗೊತ್ತು. ಇದರಲ್ಲಿ ಹೊಸದೇನಿದೆ?

ಬಿದಿರು ಕೋಲು, ನೈಲಾನ್ ದಾರ, ಬೆಂಡು, ಎರೆಹುಳು: ಹೊಳೆ ಬದಿಯಲ್ಲಿ ಬೆಳೆದವರಿಗೆಲ್ಲ ಗೊತ್ತಿರುವ ವಿದ್ಯೆ ಅದು. ಅಲ್ಲಿ ದಾರವನ್ನು ನೀರಿಗೆ ಒಯ್ಯುವುದು ಸೀಸದ ಗುಂಡಿನ ಭಾರ. ಇಲ್ಲಿ ಕೊಕ್ಕೆಯ ಮೇಲಿರುವುದು ಕೋಳಿಗರಿ, ಮೊಲದ ತುಪ್ಪಳ, ಒಂದೆರಡು ಸುತ್ತು ರೇಷ್ಮೆ ದಾರ. ಹುಳುವಿನಂತೆ ಕಾಣಲು ಕಟ್ಟಿದ ಅದನ್ನೇ 'ಫ್ಲೈ' ಎನ್ನುವುದು. ಒಂದು ಕೋಳಿಗರಿಯನ್ನು ಕೈಯಲ್ಲಿ ಹಿಡಿದು ಹತ್ತು ಅಡಿ ದೂರಕ್ಕೆ ಎಸೆಯಲು ಪ್ರಯತ್ನಿಸಿ, ಕಾಲ ಬುಡದಲ್ಲೇ ಬೀಳುತ್ತದೆ. ಆದ್ದರಿಂದ ಫ್ಲೈ ಫಿಶಿಂಗ್‌ನಲ್ಲಿ ಎಸೆಯುವುದು ಹುಳುವನ್ನಲ್ಲ, ದಾರವನ್ನು. ಲೈನ್ ಎಂದು ಕರೆಯುವ ಆ ದಾರ ದಪ್ಪಗಿದ್ದು ತನ್ನದೇ ತೂಕ ಹೊಂದಿರುತ್ತದೆ. ಅದು ಗಾಳಿಯಲ್ಲಿ ಬಿಚ್ಚಿಕೊಳ್ಳುತ್ತಾ ಹೋಗುವಾಗ ತುದಿಯ ಹುಳುವೂ ಹಿಂಬಾಲಿಸುತ್ತದೆ. ಮಿಕ್ಕಿದ್ದೆಲ್ಲ ಈ ಒಂದು ವ್ಯತ್ಯಾಸದಿಂದಲೇ ಹುಟ್ಟಿದ್ದು.

ಎಷ್ಟು ದಿನದಲ್ಲಿ ಕಲಿಯಬಹುದು?

ಹದಿನೈದು ಇಪ್ಪತ್ತು ಅಡಿ ದೂರಕ್ಕೆ ಲೈನನ್ನು ಗಂಟಾಗದಂತೆ ಹಾಕಲು ಅರ್ಧ ದಿನ ಸಾಕು. ತೀರ್ಥನ್ ಅಗಲವಾದ ನದಿಯಲ್ಲ, ಬಂಡೆಗಳ ನಡುವೆ ಇಳಿಯುವ ಹೊಳೆ. ಇಲ್ಲಿ ಮೀನು ಹಿಡಿಯಲು ಅಷ್ಟು ದೂರವೇ ಬೇಕಾಗುವುದು. ನೀರನ್ನು ಓದುವುದು ಮಾತ್ರ ಬೇರೆ ವಿಷಯ. ಅದಕ್ಕೆ ನಾವು ನಾಲ್ಕು ದಿನ ಇಟ್ಟುಕೊಂಡಿದ್ದೇವೆ, ಸಾಲುವುದಿಲ್ಲ ಎಂದು ಗೊತ್ತಿದ್ದೂ.

ಗೈಡ್ ಏಕೆ? ವಿಡಿಯೊ ನೋಡಿ ಕಲಿಯಬಾರದೇ?

ಕೈ ಹೇಗೆ ಆಡಿಸಬೇಕು ಎಂಬುದನ್ನು ವಿಡಿಯೊ ಕಲಿಸೀತು. ಕಣ್ಣು ಎಲ್ಲಿಡಬೇಕು ಎಂಬುದನ್ನು ಕಲಿಸುವುದಿಲ್ಲ. ನನ್ನ ಮೊದಲ ಪ್ರವಾಸದಲ್ಲಿ ಕಣಿವೆಯ ಗುಶೈನಿ ಎಂಬ ಊರಿನ ಮೇಲ್ಭಾಗದಲ್ಲಿ ಒಂದು ಮಡು ಸಿಕ್ಕಿತು. ನೀರು ಗಾಜಿನಂತೆ ತಿಳಿಯಾಗಿತ್ತು, ತಳದ ಒಂದೊಂದು ಕಲ್ಲೂ ಕಾಣುತ್ತಿತ್ತು. 'ಇಲ್ಲಿ ಮೀನಿಲ್ಲ' ಎಂದು ನಾನೇ ತೀರ್ಮಾನ ಕೊಟ್ಟೆ. ಗೈಡ್ ಏನೂ ಹೇಳದೆ ನನ್ನ ಭುಜ ಹಿಡಿದು ಕೂರಿಸಿ, ಒಂದು ಬೂದು ಬಂಡೆಯ ಪಕ್ಕದ ನೆರಳನ್ನು ತೋರಿಸಿದರು. ಎರಡು ನಿಮಿಷ ನೋಡಿದರೂ ನೆರಳು ನೆರಳಾಗಿಯೇ ಇತ್ತು. ಆಮೇಲೆ ಆ ನೆರಳಿನ ಒಂದು ತುದಿ ಬಾಲದಂತೆ ಅಲ್ಲಾಡಿತು. ನಡುವೆ ಒಮ್ಮೆ ಬಿಳಿಯದೇನೋ ಮಿಂಚಿತು. ಅದು ಮೀನು ಬಾಯಿ ತೆರೆದಾಗ ಕಂಡ ಒಳಬಾಯಿ. ನಾನು 'ಓ' ಎಂದು ಎದ್ದು ನಿಂತೆ, ಮಡು ನಿಜವಾಗಿಯೂ ಖಾಲಿಯಾಯಿತು.

ನೀವು ಗೈಡ್‌ಗೆ ಹಣ ಕೊಡುವುದು ಆ ಎರಡು ನಿಮಿಷಕ್ಕೆ. ನಮ್ಮಲ್ಲಿ ಇಬ್ಬರಿಗೆ ಒಬ್ಬ ಗೈಡ್. ಮೂವರಿಗೆ ಒಬ್ಬರು ಎಂದು ಯಾರಾದರೂ ಅಗ್ಗದಲ್ಲಿ ಕರೆದರೆ, ದಿನದ ಹೆಚ್ಚಿನ ಪಾಲು ನೀವು ದಡದಲ್ಲಿ ಕುಳಿತು ಚಹಾ ಕುಡಿಯುತ್ತೀರಿ.

ಹಾಗಾದರೆ ಮೀನು ಎಲ್ಲಿರುತ್ತದೆ?

ಟ್ರೌಟ್ ಸದಾ ಸೆಳವಿಗೆ ಮುಖ ಮಾಡಿ ನಿಲ್ಲುತ್ತದೆ. ಊಟ ಮೇಲಿನಿಂದ ತೇಲಿ ಬರಬೇಕು, ಆದರೆ ಅದಕ್ಕಾಗಿ ದಿನವಿಡೀ ಸೆಳವಿನ ಎದುರು ಈಜುತ್ತಾ ದಣಿಯಲೂಬಾರದು. ಆದ್ದರಿಂದ ಅದು ಹುಡುಕುವುದು ವೇಗದ ನೀರಿನ ಅಂಚಿನಲ್ಲಿರುವ ನಿಧಾನದ ನೀರನ್ನು: ಬಂಡೆಯ ಹಿಂದೆ, ಬಂಡೆಯ ಮುಂದೆ ನೀರು ತಡೆದು ನಿಲ್ಲುವ ಗೇಣು ಜಾಗ, ಎರಡು ಸೆಳವು ಸೇರುವ ಗೆರೆ, ಮಡುವಿನ ಬಾಯಿ. ನೊರೆ ಎಲ್ಲಿ ಸಾಲಾಗಿ ತೇಲುತ್ತದೋ ಅಲ್ಲೇ ಹುಳುಗಳೂ ತೇಲುತ್ತವೆ. ನೊರೆಯ ಸಾಲನ್ನು ಹಿಡಿದರೆ ಅರ್ಧ ಕೆಲಸ ಮುಗಿದಂತೆ.

ಮೀನು ಹೊಳೆಯ ಮೇಲ್ಭಾಗಕ್ಕೆ ಮುಖ ಮಾಡಿರುವುದರಿಂದ ನಾವು ಹೊಳೆಯ ಕೆಳಗಿನಿಂದ, ಅದರ ಬೆನ್ನ ಹಿಂದಿನಿಂದ ಹೋಗಬೇಕು. ಬಗ್ಗಿ, ನಿಧಾನವಾಗಿ, ನಮ್ಮ ನೆರಳು ನೀರಿನ ಮೇಲೆ ಬೀಳದಂತೆ. ದಡದ ಕಲ್ಲು ಉರುಳಿದರೂ ಅದಕ್ಕೆ ಗೊತ್ತಾಗುತ್ತದೆ, ಮೈಯ ಎರಡೂ ಬದಿಯ ಉದ್ದಕ್ಕೆ ಕಂಪನ ಅರಿಯುವ ಅಂಗವಿದೆ. ಮಾತನಾಡಿದರೆ ಚಿಂತೆಯಿಲ್ಲ, ಕಾಲು ಅಪ್ಪಳಿಸಬೇಡಿ.

ಲೈನ್ ಎಸೆಯಲು ತೋಳಿನಲ್ಲಿ ಬಲ ಬೇಕೇ?

ಬೇಡ. ಬಲವಿದ್ದವರಿಗೇ ಮೊದಲ ದಿನ ಕಷ್ಟ, ಅದರಲ್ಲೂ ಕ್ರಿಕೆಟ್ ಆಡಿದವರಿಗೆ. ಅವರ ಮಣಿಕಟ್ಟು ಸುಮ್ಮನಿರುವುದಿಲ್ಲ. ನೆತ್ತಿಯ ಮೇಲೆ ಗಡಿಯಾರದ ಹನ್ನೆರಡು ಗಂಟೆ ಇದೆ ಎಂದುಕೊಳ್ಳಿ. ರಾಡನ್ನು, ಅಂದರೆ ಗಾಳದ ಕೋಲನ್ನು, ಹಿಂದಕ್ಕೆ ಒಂದು ಗಂಟೆಯವರೆಗೆ ತಂದು ಗಕ್ಕನೆ ನಿಲ್ಲಿಸಬೇಕು. ಲೈನ್ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವಷ್ಟು ಕಾಲ ಕಾಯಬೇಕು. ಆಮೇಲೆ ಮುಂದಕ್ಕೆ ತಂದು ಹತ್ತು ಗಂಟೆಯಲ್ಲಿ ಮತ್ತೆ ಗಕ್ಕನೆ ನಿಲ್ಲಿಸಬೇಕು. ಬಗ್ಗಿದ ರಾಡು ನೆಟ್ಟಗಾಗುವಾಗ ಲೈನನ್ನು ತಾನೇ ದೂಡುತ್ತದೆ.

ಎಲ್ಲರೂ ಎಡವುವುದು ಆ ಕಾಯುವ ಕ್ಷಣದಲ್ಲಿ. ಹಿಂದೆ ಏನಾಗುತ್ತಿದೆ ಎಂದು ಕಾಣದು, ಹಾಗಾಗಿ ಅವಸರ. ಬೆನ್ನ ಹಿಂದೆ ಬಾರುಕೋಲು ಬೀಸಿದಂತೆ ಚಟೀರ್ ಎಂದು ಸದ್ದಾದರೆ ನೀವು ಬೇಗ ಮುಂದೆ ತಂದಿದ್ದೀರಿ ಎಂದರ್ಥ. ಹೆಚ್ಚಾಗಿ ಫ್ಲೈಯೂ ಕಿತ್ತುಹೋಗಿರುತ್ತದೆ. ಕತ್ತು ತಿರುಗಿಸಿ ನೋಡಿಕೊಳ್ಳಿ, ನಾಚಿಕೆಪಡುವಂಥದ್ದೇನೂ ಇಲ್ಲ.

ತೀರ್ಥನ್ ದಡದಲ್ಲಿ ಆಲ್ಡರ್ ಮರಗಳು ದಟ್ಟವಾಗಿವೆ. ಅನೇಕ ಕಡೆ ಹಿಂದಕ್ಕೆ ಬೀಸಲು ಜಾಗವೇ ಇರುವುದಿಲ್ಲ. ಅಂಥಲ್ಲಿ ಲೈನನ್ನು ನೀರಿನ ಮೇಲೇ ಎಳೆದುಕೊಂಡು, ರಾಡನ್ನು ಕಿವಿಯ ಪಕ್ಕಕ್ಕೆ ತಂದು, ಮುಂದಕ್ಕೆ ಉರುಳಿಸುವ ರೋಲ್ ಕಾಸ್ಟ್ ಇದೆ. ನಾವು ಮೊದಲ ಮಧ್ಯಾಹ್ನವೇ ಅದನ್ನು ಕಲಿಸುತ್ತೇವೆ. ಇದನ್ನು ಕಲಿಯದೆ ನಾನು ಅಲ್ಲಿಗೆ ಹೋಗಿದ್ದ ವರ್ಷ ಆಲ್ಡರ್ ಮರಗಳಿಗೆ ಕಟ್ಟಿದ ಫ್ಲೈಗಳ ಲೆಕ್ಕ ನನ್ನ ಹೆಂಡತಿಗೂ ಹೇಳಿಲ್ಲ.

ಯಾವ ರಾಡ್ ಕೊಳ್ಳಲಿ?

ಈಗಲೇ ಕೊಳ್ಳಬೇಡಿ. ಮೊದಲ ಪ್ರವಾಸಕ್ಕೆ ರಾಡ್, ರೀಲ್, ಫ್ಲೈ ಎಲ್ಲವೂ ನಮ್ಮವು. ಆಮೇಲೂ ಹುಚ್ಚು ಇಳಿಯದಿದ್ದರೆ ಒಂಬತ್ತು ಅಡಿಯ, '5 ವೇಟ್' ಎಂದು ಬರೆದ, ನಾಲ್ಕು ತುಂಡಾಗಿ ಬಿಚ್ಚುವ ರಾಡ್ ಕೊಳ್ಳಿ. ಈ ಅಂಕಿ ರಾಡಿನ ತೂಕವಲ್ಲ, ಅದಕ್ಕೆ ಹೊಂದುವ ಲೈನಿನ ತೂಕದ ವರ್ಗ. ರಾಡ್ 5 ಆದರೆ ಲೈನೂ 5 ಇರಲಿ. ಕೈಯಲ್ಲಿ ಹಣ ಕಡಿಮೆಯಿದ್ದರೆ ರಾಡಿನಲ್ಲಿ ಉಳಿಸಿ, ಲೈನಿನಲ್ಲಿ ಬೇಡ. ಸಾಧಾರಣ ರಾಡಿಗೆ ಒಳ್ಳೆಯ ತೇಲುವ ಲೈನ್ ಹಾಕಿದರೆ ನಡೆಯುತ್ತದೆ, ದುಬಾರಿ ರಾಡಿಗೆ ಕೆಟ್ಟ ಲೈನ್ ಹಾಕಿದರೆ ನಡೆಯುವುದಿಲ್ಲ. ರೀಲು ಈ ಗಾತ್ರದ ಮೀನಿಗೆ ದಾರ ಸುತ್ತಿಡುವ ಡಬ್ಬಿ, ಅಷ್ಟೇ.

ಲೀಡರ್, ಟಿಪೆಟ್, 5ಎಕ್ಸ್: ಇವೆಲ್ಲ ಏನು?

ದಪ್ಪ ಲೈನನ್ನು ನೇರವಾಗಿ ಫ್ಲೈಗೆ ಕಟ್ಟಿದರೆ ಮೀನು ಕಂಡು ಓಡುತ್ತದೆ. ಆದ್ದರಿಂದ ನಡುವೆ ಸುಮಾರು ಒಂಬತ್ತು ಅಡಿಯ, ತುದಿಗೆ ಹೋದಂತೆ ಸಣ್ಣಗಾಗುವ ಪಾರದರ್ಶಕ ದಾರವಿರುತ್ತದೆ. ಅದು ಲೀಡರ್. ಅದರ ತುದಿಗೆ ಕಟ್ಟುವ ಎರಡಡಿಯ ಸಣ್ಣೆಳೆ ಟಿಪೆಟ್. 'ಎಕ್ಸ್' ಎಳೆಯ ದಪ್ಪದ ಅಳತೆ, ಅಂಕಿ ಹೆಚ್ಚಿದಷ್ಟೂ ಎಳೆ ಸಣ್ಣ. 5ಎಕ್ಸ್ ಎಂದರೆ ಸುಮಾರು 0.15 ಮಿಲಿಮೀಟರ್. ತೀರ್ಥನ್‌ನ ತಿಳಿನೀರಿಗೆ 4ಎಕ್ಸ್, 5ಎಕ್ಸ್ ಎರಡಿದ್ದರೆ ಸಾಕು. ಗಂಟು ಬಿಗಿಯುವ ಮುನ್ನ ಎಂಜಲು ಹಚ್ಚಿ. ಒಣ ಗಂಟು ಉಜ್ಜಿ ಬಿಸಿಯಾಗಿ, ಮೀನು ಬಂದಾಗಲೇ ಕಿತ್ತುಹೋಗುತ್ತದೆ.

ಪೆಟ್ಟಿಗೆಯಲ್ಲಿ ಇನ್ನೂರು ಫ್ಲೈ ಇರುತ್ತವೆ. ಯಾವುದನ್ನು ಕಟ್ಟಬೇಕು?

ಹೊಳೆಯನ್ನೇ ಕೇಳಬೇಕು. ಮೊದಲ ಬೆಳಿಗ್ಗೆ ಗೈಡ್ ಮೊಣಕಾಲುದ್ದ ನೀರಿಗಿಳಿದು ತೆಂಗಿನಕಾಯಿ ಗಾತ್ರದ ಕಲ್ಲೊಂದನ್ನು ಎತ್ತಿ ತಿರುಗಿಸಿ ತೋರಿಸುತ್ತಾರೆ. ಮೊದಲಿಗೆ ಬರಿಯ ಒದ್ದೆ ಕಲ್ಲು. ಕಣ್ಣು ಹೊಂದಿಕೊಂಡ ಮೇಲೆ ಅದರ ಹೊಟ್ಟೆಯಲ್ಲಿ ಸಂಸಾರವೇ ಕಾಣುತ್ತದೆ: ಕಲ್ಲಿಗೆ ಚಪ್ಪಟೆಯಾಗಿ ಅಂಟಿಕೊಂಡು ಸರಸರ ಅಡ್ಡಕ್ಕೆ ಹರಿಯುವ, ಮೂರೆಳೆ ಬಾಲದ ಮೇಫ್ಲೈ ಮರಿ. ಎರಡೆಳೆ ಬಾಲದ, ಸ್ವಲ್ಪ ದಪ್ಪನೆಯ ಸ್ಟೋನ್‌ಫ್ಲೈ ಮರಿ. ಮರಳು ಕಣಗಳನ್ನು ಅಂಟಿಸಿ ಅಕ್ಕಿಕಾಳಿನಷ್ಟು ಕೊಳವೆ ಕಟ್ಟಿಕೊಂಡು ಒಳಗೆ ಕುಳಿತ ಕ್ಯಾಡಿಸ್ ಹುಳು. ಕಲ್ಲನ್ನು ತೆಗೆದ ಜಾಗದಲ್ಲೇ, ತೆಗೆದ ಹಾಗೆಯೇ ಇಡಿ. ಅದು ಅವುಗಳ ಮನೆ.

ಈ ಹುಳುಗಳು ಬದುಕಿನ ಬಹುಪಾಲನ್ನು ನೀರಿನ ತಳದಲ್ಲೇ ಕಳೆಯುತ್ತವೆ, ರೆಕ್ಕೆ ಬಂದ ಮೇಲೆ ಮೇಫ್ಲೈ ಬದುಕುವುದು ಒಂದೆರಡು ದಿನ. ಆದ್ದರಿಂದ ಟ್ರೌಟ್ ಹೆಚ್ಚಾಗಿ ಉಣ್ಣುವುದು ನೀರಿನೊಳಗೆ. ಆ ಮರಿಗಳಂತೆ ಕಟ್ಟಿದ ನಿಂಫ್ ಹಾಕಿದರೆ ಮೀನು ಸಿಗುವ ಅವಕಾಶ ಹೆಚ್ಚು. ಆದರೂ ಕಲಿಯುವವರಿಗೆ ನಾವು ತೇಲುವ ಡ್ರೈ ಫ್ಲೈಯಿಂದಲೇ ಶುರು ಮಾಡಿಸುತ್ತೇವೆ. ಏನಾಗುತ್ತಿದೆ ಎಂಬುದು ಕಣ್ಣೆದುರೇ ಕಾಣುತ್ತದೆ. ಮೀನು ಕಡಿಮೆಯಾದರೂ ಕಲಿಕೆ ಬೇಗ.

ನನ್ನ ಫ್ಲೈ ಮೀನಿನ ಮೇಲೆಯೇ ಹೋದರೂ ಅದು ಮುಟ್ಟುವುದಿಲ್ಲ. ಏಕೆ?

ನಿಮ್ಮ ಹುಳು ನೀರಿಗಿಂತ ಬೇಗ ಓಡುತ್ತಿದೆ, ಅದಕ್ಕೆ. ನಡುವಿನ ವೇಗದ ಸೆಳವು ಲೈನಿನ ಹೊಟ್ಟೆಯನ್ನು ಎಳೆಯುತ್ತದೆ, ತುದಿಯ ಹುಳು ದೋಣಿಯಂತೆ ಗೆರೆ ಎಳೆಯುತ್ತಾ ಸಾಗುತ್ತದೆ. ಯಾವ ಹುಳುವೂ ಹಾಗೆ ಹೋಗುವುದಿಲ್ಲ ಎಂದು ಮೀನಿಗೆ ಗೊತ್ತು. ಲೈನ್ ಬಿದ್ದ ಕೂಡಲೇ ರಾಡಿನ ತುದಿಯಿಂದ ಅದರ ಹೊಟ್ಟೆಯನ್ನು ಸೆಳವಿನ ಮೇಲ್ಭಾಗಕ್ಕೆ ಎತ್ತಿ ಹಾಕಬೇಕು. ಮೂರು ಸೆಕೆಂಡು ಸಹಜವಾಗಿ ತೇಲಿದರೂ ಸಾಕು.

ಮೀನು ಕಚ್ಚಿದ ಮೇಲೆ?

ರಾಡನ್ನು ಮೇಲೆತ್ತಿ, ಅಷ್ಟೇ. ಜಗ್ಗಬೇಡಿ. ಎಡಗೈಯಲ್ಲಿ ಲೈನ್ ಸಡಿಲವಾಗದಂತೆ ಎಳೆದುಕೊಳ್ಳುತ್ತಿರಿ, ಮೀನು ಓಡುತ್ತೇನೆ ಎಂದರೆ ಬಿಟ್ಟುಕೊಡಿ. ಆದರೆ ಆಟವಾಡಿಸುತ್ತಾ ನಿಲ್ಲಬೇಡಿ, ದಣಿದ ಮೀನು ಬಿಟ್ಟ ಮೇಲೂ ಸಾಯಬಹುದು.

ಹಿಡಿದು ಬಿಡುವುದೆಂದರೆ ಮೀನಿಗೆ ಹಿಂಸೆಯಲ್ಲವೇ?

ಹಿಂಸೆಯೇ. ಅಲ್ಲ ಎಂದು ಹೇಳಿ ನಿಮ್ಮನ್ನು ಒಪ್ಪಿಸುವ ಆಸೆ ನಮಗಿಲ್ಲ. ಶೃಂಗೇರಿಯ ತುಂಗೆಯಲ್ಲೋ ಶಿಶಿಲದ ಹೊಳೆಯಲ್ಲೋ ದೇವರ ಮೀನಿಗೆ ಮಂಡಕ್ಕಿ ಹಾಕಿ ಬೆಳೆದವರಿಗೆ ಈ ಪ್ರಶ್ನೆ ಬರಲೇಬೇಕು. ನಮ್ಮ ಕೈಲಾಗುವುದು ಹಿಂಸೆಯನ್ನು ಕಡಿಮೆ ಮಾಡುವುದು. ಕೊಕ್ಕೆಯ ಹಿಂಮುಳ್ಳನ್ನು ಚಿಮಟದಿಂದ ಒತ್ತಿ ಚಪ್ಪಟೆ ಮಾಡುತ್ತೇವೆ, ಆಗ ಕೊಕ್ಕೆ ಸಲೀಸಾಗಿ ಜಾರಿ ಬರುತ್ತದೆ. ಮೀನನ್ನು ಮುಟ್ಟುವ ಮುನ್ನ ಕೈ ಒದ್ದೆ ಮಾಡಿಕೊಳ್ಳುತ್ತೇವೆ. ಅದರ ಮೈಮೇಲಿನ ಲೋಳೆ ಸೋಂಕು ತಡೆಯುವ ಕವಚ, ಒಣ ಕೈಗೆ ಅದು ಅಂಟಿ ಕಿತ್ತುಬರುತ್ತದೆ. ಕಿವಿರಿಗೆ ಬೆರಳು ಹಾಕುವುದಿಲ್ಲ, ದಡದ ಮರಳಿನ ಮೇಲೆ ಮಲಗಿಸುವುದಿಲ್ಲ. ಫೋಟೊ ಬೇಕಿದ್ದರೆ ಮೊದಲು ಮೊಬೈಲ್ ಸಿದ್ಧ ಮಾಡಿಕೊಳ್ಳಿ, ಆಮೇಲೆ ಒಂದು ಕ್ಷಣ ಮೇಲೆತ್ತಿ. ನಿಮ್ಮ ಉಸಿರು ಬಿಗಿಹಿಡಿದು ಎತ್ತುವುದು ಒಳ್ಳೆಯ ಅಳತೆ. ನಂತರ ಸೆಳವಿಗೆ ಮುಖ ಮಾಡಿಸಿ ಕೈಯಲ್ಲಿ ಆನಿಸಿ ಹಿಡಿದರೆ ತಾನಾಗಿ ಹೊರಡುತ್ತದೆ. ನೀರಿನ ಉಷ್ಣತೆ 20 ಡಿಗ್ರಿ ತಲುಪಿದರೆ ಆಮ್ಲಜನಕ ಸಾಲದೆ ಮೀನು ಸೋತಿರುತ್ತದೆ. ಅಂಥ ದಿನ ರಾಡ್ ಮಡಚಿಡುತ್ತೇವೆ.

ಇಷ್ಟಾದ ಮೇಲೂ ಮನಸ್ಸು ಒಪ್ಪದಿದ್ದರೆ ಬರಬೇಡಿ. ಅಥವಾ ಬಂದು ಕಲ್ಲಿನಡಿಯ ಹುಳು ನೋಡಿಕೊಂಡಿರಿ. ಹಾಗೆ ಬಂದ ಸಸ್ಯಾಹಾರಿಯೊಬ್ಬರು ಈಗ ನಮ್ಮ ತಂಡದಲ್ಲಿ ಫ್ಲೈ ಕಟ್ಟುವುದರಲ್ಲಿ ಎಲ್ಲರಿಗಿಂತ ಮುಂದಿದ್ದಾರೆ.

ತಿನ್ನಲು ಟ್ರೌಟ್ ಸಿಗುತ್ತದೆಯೇ?

ಸಿಗುತ್ತದೆ, ಹೊಳೆಯಿಂದಲ್ಲ. ಕಣಿವೆಯಲ್ಲಿ ಹರಿಯುವ ನೀರನ್ನು ಸಿಮೆಂಟ್ ತೊಟ್ಟಿಗಳಿಗೆ ತಿರುಗಿಸಿ ರೇನ್‌ಬೋ ಟ್ರೌಟ್ ಸಾಕುವವರಿದ್ದಾರೆ. ಊಟದ ತಟ್ಟೆಗೆ ಬರುವುದು ಅದು.

ಟ್ರೌಟ್ ಹಿಮಾಲಯದ ಮೀನೇ?

ಅಲ್ಲ. ಬ್ರೌನ್ ಟ್ರೌಟ್ ಯುರೋಪಿನದು, ರೇನ್‌ಬೋ ಉತ್ತರ ಅಮೆರಿಕ ಮತ್ತು ಪೆಸಿಫಿಕ್ ಅಂಚಿನದು. ಬ್ರಿಟಿಷರು ತಮ್ಮ ಹವ್ಯಾಸಕ್ಕಾಗಿ ಮೊಟ್ಟೆಗಳನ್ನು ಹಡಗಿನಲ್ಲಿ ತಂದರು. ಕಾಶ್ಮೀರಕ್ಕೆ ಬಂದ ಮೊದಲ ಸರಕು ದಾರಿಯಲ್ಲೇ ಹಾಳಾಗಿ, 1900ರಲ್ಲಿ ಬಂದದ್ದು ಬದುಕಿಕೊಂಡಿತು. ಅಲ್ಲಿಂದ 1909ರಲ್ಲಿ ಕುಲ್ಲು ಕಣಿವೆಯ ಕಟ್ರಾಯಿನ್ ಬಳಿಗೆ ತಂದು ಮರಿ ಮಾಡಿಸಿದರು. ನಮಗೆ ಹತ್ತಿರದ ನೀಲಗಿರಿಯ ಅವಲಾಂಚೆಯಲ್ಲೂ ಬ್ರಿಟಿಷರ ಕಾಲದ ಟ್ರೌಟ್ ಮರಿ ಕೇಂದ್ರವಿದೆ.

ಇಲ್ಲಿನ ಮೂಲನಿವಾಸಿ ಅಸ್ಲಾ. ಇಂಗ್ಲಿಷಿನಲ್ಲಿ ಅದನ್ನು ಸ್ನೋ ಟ್ರೌಟ್ ಎಂದು ಕರೆದರೂ ಅದು ಟ್ರೌಟ್ ಅಲ್ಲ, ನಮ್ಮ ಕಾಟ್ಲಾ, ರೋಹುಗಳ ಬಳಗದ್ದು. ಬ್ರೌನ್ ಟ್ರೌಟ್ ದೊಡ್ಡದಾದಂತೆ ಸಣ್ಣ ಮೀನುಗಳನ್ನೂ ತಿನ್ನುತ್ತದೆ, ಅಸ್ಲಾ ಮರಿಗಳನ್ನು ಬಿಟ್ಟೀತೇ? ನೂರು ವರ್ಷದ ಅತಿಥಿ ಮನೆಯವನಂತೆ ಕುಳಿತಿದ್ದಾನೆ. ಅವನ ಹಿಂದೆ ಬಿದ್ದಿರುವ ನಾವು ಇದನ್ನು ಮರೆಯಬಾರದು. ಗಾಳಕ್ಕೆ ಅಸ್ಲಾ ಬಂದರೆ ಇನ್ನಷ್ಟು ಜೋಪಾನವಾಗಿ ಬಿಡಿ.

ಅಷ್ಟು ದೂರ ಏಕೆ? ಕಾವೇರಿಯಲ್ಲೇ ಕಲಿಯಬಾರದೇ?

ಕಾವೇರಿಯ ನೀರು ಟ್ರೌಟ್‌ಗೆ ಬಲು ಬೆಚ್ಚಗಾಯಿತು. ಅಲ್ಲಿಯದು ಮಹಶೀರ್ ಎಂಬ ದೊಡ್ಡ ಮೀನು. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿ ಶಿಬಿರಗಳಲ್ಲಿ ಒಂದು ಕಾಲಕ್ಕೆ ಹಿಡಿದು ಬಿಡುವ ಗಾಳಕ್ಕೆ ದೇಶವಿದೇಶದಿಂದ ಜನ ಬರುತ್ತಿದ್ದರು. ಅದು ವನ್ಯಜೀವಿಧಾಮ, ಕಾನೂನಿನ ಪ್ರಕಾರ ಈಗ ಅಲ್ಲಿ ಗಾಳ ಹಾಕುವಂತಿಲ್ಲ. ಕಾವೇರಿಯ ಗೂನುಬೆನ್ನಿನ ಮಹಶೀರ್ ಅಳಿವಿನ ತೀರಾ ಅಂಚಿನಲ್ಲಿದೆ. 'ಗೊತ್ತಿರುವವರಿದ್ದಾರೆ, ಒಳಗೆ ಬಿಡಿಸುತ್ತೇನೆ' ಎನ್ನುವವರ ಮಾತಿಗೆ ಕಿವಿ ಕೊಡಬೇಡಿ.

ಪರವಾನಗಿ ಬೇಕೇ? ಯಾವ ತಿಂಗಳು ಒಳ್ಳೆಯದು?

ಬೇಕೇ ಬೇಕು. ಹಿಮಾಚಲದ ಮೀನುಗಾರಿಕೆ ಇಲಾಖೆ ದಿನದ ಲೆಕ್ಕದಲ್ಲಿ ಕೊಡುತ್ತದೆ. ನಿಮ್ಮ ಗುರುತಿನ ಚೀಟಿಯ ಪ್ರತಿ ಕೊಟ್ಟರೆ ನಾವೇ ಮಾಡಿಸುತ್ತೇವೆ. ಚೀಟಿ ಜೇಬಿನಲ್ಲಿರಲಿ, ಕಾವಲುಗಾರರು ಕೇಳುತ್ತಾರೆ. ನವೆಂಬರ್ 1ರಿಂದ ಫೆಬ್ರುವರಿ ಕೊನೆಯವರೆಗೆ ಟ್ರೌಟ್ ಮೊಟ್ಟೆಯಿಡುವ ಕಾಲ, ಆಗ ಪೂರ್ತಿ ನಿಷೇಧ. ಹೊಳೆಯ ಮೇಲ್ಭಾಗ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನ, 2014ರಿಂದ ಯುನೆಸ್ಕೊ ವಿಶ್ವ ಪರಂಪರೆಯ ತಾಣ. ಅದರೊಳಗೆ ನಡೆದಾಡಬಹುದು, ಗಾಳ ಹಾಕುವಂತಿಲ್ಲ.

ಮಾರ್ಚ್‌ನಲ್ಲಿ ನೀರು ಕೊರೆಯುತ್ತದೆ, ಏಪ್ರಿಲ್ ಹದ. ಮೇ ಕೊನೆಯಿಂದ ಹಿಮ ಕರಗಿ ಮಧ್ಯಾಹ್ನದ ಹೊತ್ತಿಗೆ ನೀರು ಬೂದಿ ಬಣ್ಣಕ್ಕೆ ತಿರುಗುತ್ತದೆ. ಮಳೆಗಾಲದಲ್ಲಿ ಯಾರೂ ಹೋಗುವುದಿಲ್ಲ. ಮಲೆನಾಡಿನವರಿಗೆ ಮೊದಲ ಮಳೆಯೆಂದರೆ ಹೊಳೆಯಿಂದ ಮೇಲಕ್ಕೆ ಹತ್ತಿ ಬರುವ ಹತ್ತುಮೀನಿನ ಸಂಭ್ರಮ, ಇಲ್ಲಿ ಮಳೆಯೆಂದರೆ ಗುಡ್ಡ ಕುಸಿತ. ಅಕ್ಟೋಬರ್‌ನಲ್ಲಿ ನೀರು ಮತ್ತೆ ತಿಳಿಯಾಗಿರುತ್ತದೆ.

ಈಜು ಬಾರದಿದ್ದರೆ ಬರಬಹುದೇ?

ಬರಬಹುದು. ಹೊಸಬರನ್ನು ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿಸುವುದಿಲ್ಲ, ಈಜು ಬಂದರೂ. ತೀರ್ಥನ್ ಸೆಳವಿನಲ್ಲಿ ಈಜು ಹೆಚ್ಚೇನೂ ಉಪಯೋಗಕ್ಕೆ ಬಾರದು. ಸೆಳವಿಗೆ ಮೈಯ ಪಕ್ಕೆ ಕೊಟ್ಟು ನಿಂತು, ಊರುಗೋಲು ಊರಿ, ಒಂದು ಕಾಲು ಭದ್ರವಾದ ಮೇಲೆ ಇನ್ನೊಂದನ್ನು ಎತ್ತಿ. ಬಿದ್ದರೆ ಎದ್ದು ನಿಲ್ಲಲು ಹೋಗಬೇಡಿ, ಕಾಲು ಬಂಡೆಯ ಸಂದಿಗೆ ಸಿಕ್ಕಿಕೊಳ್ಳುತ್ತದೆ. ಅಂಗಾತ ಮಲಗಿ, ಕಾಲು ಮುಂದೆ ಮಾಡಿ, ದಡದ ಕಡೆ ಕೈ ಆಡಿಸಿ. ರಾಡ್ ಹೋದರೆ ಹೋಗಲಿ.

ಮೇಲೆಲ್ಲೋ ಮಳೆಯಾಗಿ ನೀರಿನ ಬಣ್ಣ ಬದಲಾದರೆ, ಕಡ್ಡಿ ಎಲೆ ತೇಲಿಬರತೊಡಗಿದರೆ, ಗೈಡ್ 'ಬಾಹರ್' ಎಂದ ಕ್ಷಣ ಹೊರಬರಬೇಕು. ಇನ್ನೊಂದು ಮೀನು ಎನ್ನುವ ಚೌಕಾಸಿ ಬೇಡ. 2014ರ ಜೂನ್‌ನಲ್ಲಿ ಇದೇ ನೀರು ಹೋಗಿ ಸೇರುವ ಬಿಯಾಸ್ ನದಿಯಲ್ಲಿ, ಲಾರ್ಜಿ ಅಣೆಕಟ್ಟಿನ ಕೆಳಗೆ ಫೋಟೊ ತೆಗೆದುಕೊಳ್ಳಲು ಇಳಿದಿದ್ದ ಹೈದರಾಬಾದ್‌ನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಒಮ್ಮೆಲೇ ಏರಿದ ನೀರಿನಲ್ಲಿ ಕೊಚ್ಚಿಹೋದರು.

ಏನೇನು ತರಬೇಕು?

ಪೋಲರೈಸ್ಡ್ ಕನ್ನಡಕ ಮತ್ತು ಅಂಚಿರುವ ಟೋಪಿ. ಇವೆರಡು ಇಲ್ಲದವರ ಕೈಗೆ ರಾಡ್ ಕೊಡುವುದಿಲ್ಲ. ಕನ್ನಡಕ ನೀರಿನ ಹೊಳಪನ್ನು ಕತ್ತರಿಸಿ ಒಳಗಿನದನ್ನು ತೋರಿಸುತ್ತದೆ, ಹಾರಿಬರುವ ಕೊಕ್ಕೆಯಿಂದ ಕಣ್ಣನ್ನೂ ಕಾಯುತ್ತದೆ. ಮಾಸಲು ಹಸಿರು, ಕಂದು ಬಟ್ಟೆ, ಒಂದು ಸ್ವೆಟರ್, ಎರಡು ಜೊತೆ ಉಣ್ಣೆಯ ಕಾಲುಚೀಲ. ವೇಡರ್ (ನೀರು ಒಳಗೆ ಬಾರದ ಉಡುಪು), ಬೂಟು ನಾವು ಕೊಡುತ್ತೇವೆ, ಕಾಲಿನ ಅಳತೆ ಮೊದಲೇ ತಿಳಿಸಿ.

ಕೊಕ್ಕೆ ಬೆರಳಿಗೇ ಚುಚ್ಚಿದರೆ?

ಚುಚ್ಚುತ್ತದೆ. ಹಿಂಮುಳ್ಳಿಲ್ಲದ್ದರಿಂದ ಬಂದ ದಾರಿಯಲ್ಲೇ ಹೊರಬರುತ್ತದೆ. ಮೀನಿಗೆಂದು ಮಾಡಿದ ಉಪಕಾರ ನಮಗೂ ಆಗುವುದು ಇಲ್ಲೇ. ಟೆಟನಸ್ ಚುಚ್ಚುಮದ್ದು ಹಾಕಿಸಿಕೊಂಡು ಬನ್ನಿ. ಕಣ್ಣಿನ ಹತ್ತಿರವಾದರೆ ನಾವು ಕೈ ಹಾಕುವುದಿಲ್ಲ, ನೇರ ಆಸ್ಪತ್ರೆ.

ತಲುಪುವುದು ಹೇಗೆ?

ಬೆಂಗಳೂರಿನಿಂದ ದೆಹಲಿ ಅಥವಾ ಚಂಡೀಗಢಕ್ಕೆ ವಿಮಾನ, ಅಲ್ಲಿಂದ ಮನಾಲಿಯ ರಾತ್ರಿ ಬಸ್. ಔಟ್ ಎಂಬಲ್ಲಿ, ಸುರಂಗಕ್ಕೆ ಮೊದಲೇ ಇಳಿಯಬೇಕು. ನಿದ್ದೆ ಹೋದರೆ ಕುಲ್ಲುವಿನಲ್ಲಿ ಕಣ್ಣು ಬಿಡುತ್ತೀರಿ, ಕಂಡಕ್ಟರ್‌ಗೆ ಹೇಳಿಟ್ಟಿರಿ. ಔಟ್‌ನಿಂದ ಲಾರ್ಜಿ, ಬಂಜಾರ್ ಮೂಲಕ ಗುಶೈನಿಗೆ ನಮ್ಮ ಟ್ಯಾಕ್ಸಿ.

ಒಂದೂ ಮೀನು ಸಿಗದಿದ್ದರೆ ಹಣ ವಾಪಸ್ ಕೊಡುತ್ತೀರಾ?

ಇಲ್ಲ. ನಾಲ್ಕು ದಿನದಲ್ಲಿ ಒಂದೂ ಸಿಗದೆ ಹೋದವರು ಇದ್ದಾರೆ, ಮೊದಲ ಗಂಟೆಯಲ್ಲೇ ಸಿಕ್ಕವರೂ ಇದ್ದಾರೆ. ಎರಡನೆಯವರು ಗೈಡ್ ಮಾತು ಕೇಳುವುದನ್ನು ಅಂದೇ ನಿಲ್ಲಿಸುತ್ತಾರೆ, ಅದು ನಮಗೆ ಹೆಚ್ಚು ತಲೆನೋವು.

ಊರಿಗೆ ಹಿಂದಿರುಗಿದ ಮೇಲೆ ಅಭ್ಯಾಸ ಎಲ್ಲಿ ಮಾಡಲಿ?

ಹುಲ್ಲಿನ ಮೇಲೆ. ಕೊಕ್ಕೆಯ ಬದಲು ಟಿಪೆಟ್ ತುದಿಗೆ ಒಂದು ಚೂರು ಕೆಂಪು ಉಲ್ಲನ್ ದಾರ ಕಟ್ಟಿ, ಇಪ್ಪತ್ತು ಅಡಿ ದೂರದಲ್ಲಿ ಒಂದು ಊಟದ ತಟ್ಟೆ ಇಡಿ. ದಿನಕ್ಕೆ ಹದಿನೈದು ನಿಮಿಷ ಸಾಕು. ಸಿಮೆಂಟ್ ನೆಲದ ಮೇಲೆ ಬೇಡ, ಲೈನ್ ತರಚಿಹೋಗುತ್ತದೆ. ಜಯನಗರದ ಪಾರ್ಕಿನಲ್ಲಿ ನಾನು ಹೀಗೆ ಬೀಸುತ್ತಿದ್ದಾಗ ಬೆಳಗಿನ ನಡಿಗೆಗೆ ಬಂದ ಹಿರಿಯರೊಬ್ಬರು ಬಹಳ ಹೊತ್ತು ನೋಡಿ, 'ಇಲ್ಲಿ ಯಾವ ಮೀನು ಸಾರ್?' ಎಂದರು. 'ಟ್ರೌಟ್' ಎಂದೆ. ತಲೆಯಾಡಿಸಿ ಮುಂದಿನ ಸುತ್ತಿಗೆ ಹೋದರು. ಮಾರನೆಯ ದಿನ ಮೊಮ್ಮಗನನ್ನು ಕರೆದುಕೊಂಡು ಬಂದಿದ್ದರು.